ಅಘನಾಶಿನಿಯ ಕೆಸರು ಖಾಲಿ ಜಾಗವಲ್ಲ

ಕರ್ನಾಟಕ ರಾಜ್ಯ ಜೌಗುಭೂಮಿ ಪ್ರಾಧಿಕಾರದ ಅಧ್ಯಕ್ಷರಿಗೆ, ಸದಸ್ಯರಿಗೆ, ಹಾಗೂ ಅಘನಾಶಿನಿ ಅಳಿವೆಯ ಹೊಣೆ ಹೊತ್ತಿರುವ ಅರಣ್ಯ, ಮೀನುಗಾರಿಕೆ ಮತ್ತು ಕಂದಾಯ ಇಲಾಖೆಗಳ ಅಧಿಕಾರಿಗಳಿಗೆ,

ಮಾನ್ಯರೇ,

2024ರ ಜನವರಿ ಕೊನೆಯಲ್ಲಿ ಅಂಕಸಮುದ್ರ ಮತ್ತು ಮಾಗಡಿ ಕೆರೆಗಳ ಜೊತೆ ನಮ್ಮ ಅಘನಾಶಿನಿ ಅಳಿವೆಯೂ ಜಗತ್ತಿನ ಮಹತ್ವದ ಜೌಗುಭೂಮಿಗಳ ರಾಮ್ಸಾರ್ ಪಟ್ಟಿಗೆ ಸೇರಿತು. ಅಲ್ಲಿಯವರೆಗೆ ಆ ಪಟ್ಟಿಯಲ್ಲಿ ರಾಜ್ಯದ ಪರವಾಗಿ ಇದ್ದದ್ದು ರಂಗನತಿಟ್ಟು ಮಾತ್ರ. ಈ ನಾಲ್ಕರಲ್ಲಿ ಕಡಲಿನ ಉಪ್ಪು ಕಂಡದ್ದು ನಮ್ಮದೊಂದೇ. 4,801 ಹೆಕ್ಟೇರ್ ವಿಸ್ತೀರ್ಣ, 66 ಜಾತಿಯ ಹಕ್ಕಿಗಳು, 15 ಸಾವಿರಕ್ಕೂ ಹೆಚ್ಚು ನೀರುಹಕ್ಕಿಗಳು, ಅಳಿವೆಯನ್ನು ನಂಬಿ ಬದುಕುವ 6,000ದಿಂದ 7,500 ಕುಟುಂಬಗಳು: ಇದು ಅಂದು ಸರ್ಕಾರವೇ ಕೊಟ್ಟ ಲೆಕ್ಕ. ಹಕ್ಕಿಯನ್ನೂ ಮನೆಯನ್ನೂ ಒಂದೇ ಟಿಪ್ಪಣಿಯಲ್ಲಿ ಎಣಿಸಿದ್ದು ಕಂಡು ದಂಡೆಯ ಜನರಿಗೆ ಸಮಾಧಾನವಾಯಿತು. ಸರ್ಕಾರಿ ಕಾಗದದಲ್ಲಿ ಅಂಥದ್ದು ಅಪರೂಪ.

ಪಟ್ಟಿಗೆ ಸೇರಿದ ಮೇಲೆ ನಕ್ಷೆ ಬರುತ್ತದೆ, ನಿರ್ವಹಣಾ ಯೋಜನೆ ಬರುತ್ತದೆ, ಯೋಜನೆಯ ಬೆನ್ನಿಗೆ ಹಣ ಬರುತ್ತದೆ. ಈ ಪತ್ರ ಆ ನಕ್ಷೆಯ ಬಗ್ಗೆ. ಕಾಂಡ್ಲಾ (ಮ್ಯಾಂಗ್ರೋವ್) ಕಾಡಿಗೆ ಹಸಿರು ಬಳಿಯುವುದು ಸುಲಭ, ನೀರಿಗೆ ನೀಲಿ ಬಳಿಯುವುದು ಇನ್ನೂ ಸುಲಭ. ಇವೆರಡರ ನಡುವೆ, ದಿನಕ್ಕೆ ಎರಡು ಸಲ ನೀರು ಇಳಿದಾಗ ತೆರೆದುಕೊಂಡು ಎರಡು ಸಲ ಮುಳುಗುವ ಕೆಸರಿನ ಬಯಲಿಗೆ ಯಾವ ಬಣ್ಣ ಬಳಿಯುತ್ತೀರಿ? ಬಣ್ಣವಿಲ್ಲದ ಜಾಗ ಕಡತದಲ್ಲಿ ಖಾಲಿ ಜಾಗವಾಗುತ್ತದೆ. ಖಾಲಿ ಜಾಗಕ್ಕೆ ಯಾರಾದರೂ ಏನನ್ನಾದರೂ ತುಂಬಲು ಬಂದೇ ಬರುತ್ತಾರೆ, ಅದೂ ಒಳ್ಳೆಯ ಮನಸ್ಸಿನಿಂದ.

ಇಳಿತದ ಹೊತ್ತಿನಲ್ಲಿ ಆ ಬಯಲನ್ನು ಅರ್ಧ ಗಂಟೆ ನೋಡಿದರೆ ಖಾಲಿ ಎನ್ನುವ ಮಾತು ಬಾಯಿಗೆ ಬರುವುದಿಲ್ಲ. ನೀರಿನ ಅಂಚು ಹಿಂದೆ ಸರಿದ ಹಾಗೆ ಹಕ್ಕಿಗಳ ಸಾಲು ಅದರ ಬೆನ್ನಿಗೇ ನಡೆಯುತ್ತದೆ. ಗುಬ್ಬಿಗಿಂತ ತುಸು ದೊಡ್ಡದಾದ ಗೊರವಗಳು ಹತ್ತು ಹೆಜ್ಜೆ ಓಡಿ, ತಟ್ಟನೆ ನಿಂತು, ಮೇಲ್ಪದರದಲ್ಲಿ ಅಲುಗಿದ್ದನ್ನು ಕುಕ್ಕಿ ಮತ್ತೆ ಓಡುತ್ತವೆ. ಅವುಗಳ ಕೊಕ್ಕು ಗಿಡ್ಡ. ಕಣ್ಣಿಗೆ ಕಂಡದ್ದಷ್ಟೇ ಅವುಗಳ ಊಟ. ಕೆಂಪು ಕಾಲಿನ ರೆಡ್‌ಶ್ಯಾಂಕ್ ಎರಡು ಬೆರಳಿನಷ್ಟು ಆಳಕ್ಕೆ ಕೊಕ್ಕು ಇಳಿಸುತ್ತದೆ. ಕೊನೆಗೆ ಬರುವ ಕರ್ಲ್ಯೂಗೆ ಗೇಣುದ್ದಕ್ಕೆ ಹತ್ತಿರವಾದ, ಕೆಳಕ್ಕೆ ಬಾಗಿದ ಕೊಕ್ಕು. ಅದನ್ನು ಬುಡದವರೆಗೂ ಕೆಸರಿನಲ್ಲಿ ಹೂತು, ತಲೆಯನ್ನು ಓರೆ ಮಾಡಿ, ಒಳಗಿನ ಹುಳು ತುಂಡಾಗದಂತೆ ನಿಧಾನವಾಗಿ ಎಳೆಯುತ್ತದೆ. ಕಿತ್ತಳೆಗೆಂಪು ಕೊಕ್ಕಿನ ಆಯ್ಸ್ಟರ್‌ಕ್ಯಾಚರ್ ಚಿಪ್ಪಿನ ಎರಡು ಹೋಳುಗಳ ನಡುವೆ ಕೊಕ್ಕು ತೂರಿಸಿ ಬಾಗಿಲು ತೆಗೆಯುವ ಕಸುಬಿನದು. ಒಂದು ಅಡಿ ಆಳದ ಕೆಸರಿನಲ್ಲಿ ಇಷ್ಟು ಜನ ಒಬ್ಬರ ತಟ್ಟೆಗೆ ಇನ್ನೊಬ್ಬರು ಕೈ ಹಾಕದೆ ಉಣ್ಣುತ್ತಾರೆ.

ಇವುಗಳಲ್ಲಿ ಹೆಚ್ಚಿನವು ಮಧ್ಯ ಏಷ್ಯಾದಿಂದ, ಸೈಬೀರಿಯಾದಿಂದ ಹೊರಟು ಮಳೆ ಹಿಂದೆ ಸರಿಯುವ ಹೊತ್ತಿಗೆ ಇಲ್ಲಿಗೆ ತಲುಪುತ್ತವೆ. ಸುಮಾರು 30 ದೇಶಗಳ ಮೇಲೆ ಹಾದುಹೋಗುವ ಮಧ್ಯ ಏಷ್ಯಾ ವಲಸೆ ಮಾರ್ಗದಲ್ಲಿ ನಮ್ಮ ಕರಾವಳಿ ಚಳಿಗಾಲದ ಬಿಡಾರ. ಏಪ್ರಿಲ್ ಹೊತ್ತಿಗೆ ಮರಳಿ ಹೊರಡುವ ಮುನ್ನ ಮೈಯಲ್ಲಿ ಕೊಬ್ಬು ತುಂಬಿಕೊಳ್ಳಬೇಕು. ಕೊಬ್ಬು ಸಾಲದ ಹಕ್ಕಿ ಹಿಮಾಲಯದ ಆಚೆಗೆ ತಲುಪಿದರೂ ಗೂಡು ಕಟ್ಟುವ ತ್ರಾಣ ಅದಕ್ಕೆ ಉಳಿದಿರುವುದಿಲ್ಲ. ಆದ್ದರಿಂದ ಮಾರ್ಚ್, ಏಪ್ರಿಲ್ ತಿಂಗಳುಗಳಲ್ಲಿ ಈ ಕೆಸರಿನ ಮೇಲೆ ಕಳೆಯುವ ಪ್ರತಿ ಇಳಿತಕ್ಕೂ ಲೆಕ್ಕವಿದೆ.

ಅದೇ ಹೊತ್ತಿಗೆ, ಅದೇ ಕೆಸರಿಗೆ, ಬುಟ್ಟಿ ಹಿಡಿದ ಹೆಂಗಸರೂ ಇಳಿಯುತ್ತಾರೆ. ಮೊಣಕಾಲುದ್ದದ ನೀರಿನಲ್ಲಿ ನಿಂತು ಕಾಲಬೆರಳಿನಿಂದಲೇ ಬಳಚು ಎಂಬ ಚಿಪ್ಪುಮೀನು ಇರುವ ಜಾಗ ತಿಳಿದು ಕೈ ಹಾಕುತ್ತಾರೆ. ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು 2008ರ ಸುಮಾರಿಗೆ ಲೆಕ್ಕ ಹಾಕಿದಾಗ ಈ ಅಳಿವೆಯಿಂದ ವರ್ಷಕ್ಕೆ ಸುಮಾರು 22 ಸಾವಿರ ಟನ್ ಚಿಪ್ಪುಮೀನು ಮೇಲಕ್ಕೆ ಬರುತ್ತಿತ್ತು. ಆಮೇಲೆ ಆ ಬೆಳೆ ಕುಸಿದ ಕಥೆ ನಿಮಗೂ ತಿಳಿದಿದೆ. ಎಳೆಯ ಬಳಚನ್ನೂ ಬಿಡದೆ ಎತ್ತಿದ್ದು ಕಾರಣವೋ, ಮರಳಿಗಾಗಿ ತಳ ಕೆದಕಿದ್ದು ಕಾರಣವೋ ಎಂಬ ಜಗಳ ದಂಡೆಯಲ್ಲಿ ಇನ್ನೂ ಮುಗಿದಿಲ್ಲ. ನನ್ನ ಮಟ್ಟಿಗೆ ಎರಡೂ ನಿಜ. ಬಳಚು ಕಡಿಮೆಯಾದ ಕೆಸರಿನಲ್ಲಿ ಹಕ್ಕಿಗೂ ಊಟ ಕಡಿಮೆ ಎಂಬುದರಲ್ಲಂತೂ ಯಾರಿಗೂ ತಕರಾರಿಲ್ಲ.

ಈಗ ನನ್ನ ಮುಖ್ಯ ಅಹವಾಲು. ಕಾಂಡ್ಲಾ ಗಿಡ ನೆಡುವುದು ಇಂದು ಎಲ್ಲರಿಗೂ ಪ್ರಿಯವಾದ ಕೆಲಸ. 2023ರ ಪರಿಸರ ದಿನದಂದು ಕೇಂದ್ರ ಸರ್ಕಾರ ಅದಕ್ಕೆಂದೇ 'ಮಿಷ್ಟಿ' ಯೋಜನೆ ಆರಂಭಿಸಿತು. ಕಂಪನಿಗಳ ಸಾಮಾಜಿಕ ಹೊಣೆಯ ಹಣಕ್ಕೂ ಗಿಡ ನೆಡುವುದೆಂದರೆ ಬಹಳ ಇಷ್ಟ. ಕಾಂಡ್ಲಾದ ವಿರುದ್ಧ ನನ್ನದೇನೂ ಇಲ್ಲ. ಗಜನಿಯ, ಅಂದರೆ ಅಳಿವೆಯಂಚಿನ ಗದ್ದೆಯ, ಕಟ್ಟೆ ಕುಸಿಯದಂತೆ ಅದರ ಹೊರಬದಿಗೆ ಕಾಂಡ್ಲಾ ಬೆಳೆಸುವುದನ್ನು ನಮ್ಮ ಹಿರಿಯರು ಯಾವ ಯೋಜನೆಯೂ ಇಲ್ಲದ ಕಾಲದಲ್ಲೇ ಮಾಡುತ್ತಿದ್ದರು. ಸಿಗಡಿ ಮರಿ, ಏಡಿ, ಕಾಗಳಸಿ ಮೀನು ಅದರ ಬೇರಿನ ಸಂದಿಯಲ್ಲೇ ದೊಡ್ಡದಾಗುವುದು. ದಂಡೆ ಕೊರೆಯುವ ಕಡೆ, ಕಟ್ಟೆ ಸಡಿಲವಾದ ಕಡೆ, ಹಿಂದೆ ಕಾಂಡ್ಲಾ ಇದ್ದು ಕಡಿದುಹೋದ ಕಡೆ ಇನ್ನಷ್ಟು ನೆಡಿ. ನೆಡಲು ನಾವೂ ಬರುತ್ತೇವೆ.

ಆದರೆ ತೆರೆದ ಕೆಸರಿನ ಬಯಲಿನಲ್ಲಿ ಸಾಲು ಸಾಲಾಗಿ ನೆಟ್ಟರೆ ನಡೆಯುವುದೇ ಬೇರೆ. ಬೇರುಗಳು ನೀರಿನ ಓಟವನ್ನು ತಡೆಯುತ್ತವೆ, ಹೂಳು ನಿಲ್ಲುತ್ತದೆ, ಬಯಲು ಮೆಲ್ಲನೆ ಎತ್ತರವಾಗುತ್ತದೆ. ಬಳಚಿಗೆ ಬೇಕಾದ ಮರಳು ಬೆರೆತ ತಳ ಜಿಗುಟು ಮಣ್ಣಾಗುತ್ತದೆ. ದೂರದವರೆಗೆ ಕಣ್ಣು ಹಾಯಿಸಿ ಗಿಡುಗ ಬರುವುದನ್ನು ಮೊದಲೇ ಕಾಣಬೇಕಾದ ಗೊರವಗಳು ಮರದ ಮರೆಯಿರುವ ಕಡೆ ಇಳಿಯುವುದೇ ಇಲ್ಲ. ನೆಟ್ಟವರ ವರದಿಯಲ್ಲಿ ಹಸಿರು ಹೆಚ್ಚುತ್ತದೆ, ಉಪಗ್ರಹ ಚಿತ್ರದಲ್ಲೂ ಹೆಚ್ಚುತ್ತದೆ. ಹಕ್ಕಿಧಾಮವೆಂದು ಗೌರವ ಪಡೆದ ಜಾಗದಲ್ಲಿ ಹಕ್ಕಿಗೆ ಕಾಲೂರಲು ಜಾಗ ಕಡಿಮೆಯಾಗುತ್ತದೆ. ಇಂಥ ನೆಡುತೋಪಿನ ಬಗ್ಗೆ ತೀರಪಕ್ಷಿಗಳ ಅಧ್ಯಯನ ಮಾಡುವವರು ಬೇರೆ ಬೇರೆ ದೇಶಗಳಲ್ಲಿ ಎಚ್ಚರಿಸುತ್ತಲೇ ಬಂದಿದ್ದಾರೆ. ಆದ್ದರಿಂದ ನಕ್ಷೆಯಲ್ಲಿ ಕೆಸರಿನ ಬಯಲನ್ನು ಹೆಸರಿಟ್ಟು ಗುರುತಿಸಿ, ಇಲ್ಲಿ ನೆಡುವಂತಿಲ್ಲ ಎಂದು ಯೋಜನೆಯಲ್ಲೇ ಬರೆಯಿರಿ. ನೆಡುವ ಗುರಿ ಮುಟ್ಟಲು ಜಾಗ ಸಾಲದಿದ್ದರೆ ಗುರಿಯನ್ನು ಇಳಿಸಿ.

ಇಳಿತದ ಮಾತು ಇಷ್ಟಾಯಿತು. ಭರತ, ಅಂದರೆ ಉಬ್ಬರ, ಬಂದಾಗ ಈ ಹಕ್ಕಿಗಳು ಎಲ್ಲಿಗೆ ಹೋಗುತ್ತವೆ? ಕೆಸರು ಮುಳುಗಿದ ಮೇಲೆ ಒಣ ನೆಲದಲ್ಲಿ ಒಟ್ಟಾಗಿ ನಿಂತು ಐದಾರು ಗಂಟೆ ಕಳೆಯಬೇಕು. ಅಳಿವೆಯ ಬಾಯಿಯ ಮರಳುದಿಬ್ಬ, ಸಾಣಿಕಟ್ಟಾದ ಉಪ್ಪಿನ ಆಗರ, ಕೊಯ್ಲು ಮುಗಿದ ಗಜನಿ: ಅವುಗಳ ತಂಗುದಾಣ ಇಂಥವು. ಇಲ್ಲಿಯೇ ಕಾನೂನಿನ ಒಂದು ವಿಚಿತ್ರ ತೊಡಕಿದೆ. ರಾಮ್ಸಾರ್ ಒಪ್ಪಂದದ ಪ್ರಕಾರ ಮನುಷ್ಯ ಕಟ್ಟಿದ್ದೂ ಜೌಗುಭೂಮಿಯೇ. ನಮ್ಮ 2017ರ ಜೌಗುಭೂಮಿ (ಸಂರಕ್ಷಣೆ ಮತ್ತು ನಿರ್ವಹಣೆ) ನಿಯಮಗಳು ಭತ್ತದ ಗದ್ದೆ, ಉಪ್ಪಿನ ಆಗರ, ಮೀನು ಸಾಕುವ ಕೊಳಗಳನ್ನು ವ್ಯಾಖ್ಯೆಯಿಂದಲೇ ಹೊರಗಿಡುತ್ತವೆ. ಮೇಲಾಗಿ ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆಗೆ ಒಳಪಟ್ಟ ಜೌಗಿಗೆ ಈ ನಿಯಮಗಳು ಅನ್ವಯಿಸುವುದಿಲ್ಲ ಎಂಬ ಷರತ್ತೂ ಇದೆ. ಅಳಿವೆಯೆಂದರೆ ಬಹುಪಾಲು ಆ ವಲಯವೇ. ಅಂದರೆ ಹಗಲಿನ ಅರ್ಧ ಹೊತ್ತು ಹಕ್ಕಿಗೆ ಒಂದು ಕಾನೂನು, ಉಳಿದ ಅರ್ಧ ಹೊತ್ತು ಇನ್ನೊಂದು, ಗದ್ದೆಗೆ ಹಾರಿ ಕುಳಿತರೆ ಯಾವುದೂ ಇಲ್ಲ. ಗಡಿ ದಾಟುವಾಗ ಯಾವ ಇಲಾಖೆಗೆ ಅರ್ಜಿ ಹಾಕಬೇಕೆಂದು ಕರ್ಲ್ಯೂಗೆ ಯಾರೂ ಹೇಳಿಲ್ಲ.

ನಿಯಮವನ್ನು ತಿದ್ದುವ ಅಧಿಕಾರ ನಿಮಗಿಲ್ಲ, ಬಲ್ಲೆ. ಆದರೆ ಗಜನಿಯನ್ನೂ ಆಗರವನ್ನೂ ನಿರ್ವಹಣಾ ಯೋಜನೆಯ ಒಳಗೆ ತಂದು, ಅವುಗಳನ್ನು ನಡೆಸಿಕೊಂಡು ಬರುವವರಿಗೆ ನೆರವು ಕೊಡುವುದಕ್ಕೆ ಯಾವ ನಿಯಮವೂ ಅಡ್ಡ ಬರುವುದಿಲ್ಲ. ಗಜನಿಯ ವರ್ಷವನ್ನೇ ನೋಡಿ. ಮಳೆ ಹಿಡಿದು ಮಣ್ಣಿನ ಉಪ್ಪು ತೊಳೆದುಹೋದ ಮೇಲೆ ಮೊಳಕೆ ಬರಿಸಿದ ಕಗ್ಗ ಭತ್ತವನ್ನು ಎರಚುತ್ತಾರೆ. ನೆರೆ ಬಂದು ದಿನಗಟ್ಟಲೆ ನಿಂತರೂ, ಉಪ್ಪುನೀರು ನುಗ್ಗಿದರೂ ತಾಳಿಕೊಂಡು ಎದೆಯೆತ್ತರ ಬೆಳೆಯುವ ತಳಿ ಅದು. ಗೊಬ್ಬರವಿಲ್ಲ, ಔಷಧಿಯಿಲ್ಲ. ಕೊಯ್ಯುವಾಗ ತೆನೆಯನ್ನಷ್ಟೇ ಕೊಯ್ದು ಹುಲ್ಲನ್ನು ಗದ್ದೆಯಲ್ಲೇ ಬಿಡುತ್ತಾರೆ. ಬಳಿಕ ತೂಬಿನ ಬಾಗಿಲು ತೆಗೆದು ಉಪ್ಪುನೀರು ಬಿಟ್ಟರೆ ಅದರೊಂದಿಗೆ ಸಿಗಡಿ, ಮೀನಿನ ಮರಿಗಳು ಒಳಬರುತ್ತವೆ. ಕೊಳೆಯುವ ಹುಲ್ಲು ಅವುಗಳಿಗೆ ಆಹಾರ, ಅವು ಬೆಳ್ಳಕ್ಕಿಗೂ ಬಾತುಗಳಿಗೂ ರೈತನಿಗೂ ಆಹಾರ. ಹಕ್ಕಿಗಳು ಹೊರಡುವ ತಯಾರಿಯಲ್ಲಿರುವಾಗ ಆಚೆಯ ಆಗರದಲ್ಲಿ ಉಪ್ಪು ಕಟ್ಟುತ್ತಿರುತ್ತದೆ.

ಈ ಚಕ್ರದ ನಡುವೆ ದುಡ್ಡಿನ ಸಿಗಡಿ ಬಂತು. ಕಗ್ಗ ಬಿಟ್ಟು ವರ್ಷವಿಡೀ ಉಪ್ಪುನೀರು ನಿಲ್ಲಿಸಿದರು. ತೊಂಬತ್ತರ ದಶಕದಲ್ಲಿ ಬಿಳಿಚುಕ್ಕೆ ರೋಗ ತಗುಲಿ ಕೊಳಗಳು ಬರಿದಾದವು. ಕರಾವಳಿಯ ಸಿಗಡಿ ಕೃಷಿಯ ಬಗ್ಗೆ ಸುಪ್ರೀಂ ಕೋರ್ಟಿನ ಕಟುವಾದ ತೀರ್ಪು 1996ರಲ್ಲಿ ಬಂತು, ಮುಂದೆ 2005ರಲ್ಲಿ ಕರಾವಳಿ ಜಲಕೃಷಿಯ ಕಾಯಿದೆ ಬಂತು. ಅಷ್ಟರಲ್ಲಿ ಅನೇಕ ಗಜನಿಗಳ ಕಟ್ಟೆ ಒಡೆದಿತ್ತು, ಬೀಜ ಇಟ್ಟುಕೊಂಡ ಮನೆಗಳು ಕಡಿಮೆಯಾಗಿದ್ದವು. ಇಂದು ಕಗ್ಗ ಬೆಳೆಯುವವನಿಗೆ ಸಿಗುವ ಹೊಗಳಿಕೆ ಬಹಳ, ಹಣ ಅಷ್ಟಕ್ಕಷ್ಟೆ. ಒಂದು ಕಟ್ಟೆ ಒಡೆದರೆ ಒಬ್ಬ ರೈತನಿಂದ ಕಟ್ಟಲಾಗದು, ಊರೇ ಸೇರಬೇಕು. ಊರಿನ ಯುವಕರು ಬೆಂಗಳೂರಿನಲ್ಲಿದ್ದಾರೆ. ಯೋಜನೆಯ ಹಣದಲ್ಲಿ ವೀಕ್ಷಣಾ ಗೋಪುರಕ್ಕೆ ಇಡುವ ಭಾಗವನ್ನು ಮೊದಲು ಈ ಕಟ್ಟೆಗಳಿಗೆ, ತೂಬುಗಳಿಗೆ ಕೊಡಿ. ಗೋಪುರ ಹತ್ತಿ ನೋಡುವುದಕ್ಕೆ ಹಕ್ಕಿ ಉಳಿದಿರಬೇಕಲ್ಲ.

ಜನರನ್ನು ಹೊರಗಿಟ್ಟರೆ ಹಕ್ಕಿ ಸುಖವಾಗಿರುತ್ತದೆ ಎಂದು ನಂಬುವವರು ಈಗಲೂ ಇದ್ದಾರೆ. ಅವರಿಗೆ ರಾಜಸ್ಥಾನದ ಭರತಪುರವನ್ನು ನೆನಪಿಸಬೇಕು. ಅಲ್ಲಿನ ಕೇವಲಾದೇವ್ ಹಕ್ಕಿಧಾಮ ರಾಷ್ಟ್ರೀಯ ಉದ್ಯಾನವಾದಾಗ, 1982ರಲ್ಲಿ, ಅಲ್ಲಿ ಎಮ್ಮೆ ಮೇಯಿಸುವುದನ್ನು ಒಮ್ಮೆಲೇ ನಿಷೇಧಿಸಿದರು. ಪ್ರತಿಭಟಿಸಿದ ಗ್ರಾಮಸ್ಥರಲ್ಲಿ ಹಲವರು ಪೊಲೀಸರ ಗುಂಡಿಗೆ ಸತ್ತರು. ಎಮ್ಮೆ ಹೋದ ಮೇಲೆ ಅವು ಮೇಯುತ್ತಿದ್ದ ಹುಲ್ಲು ತಡೆಯಿಲ್ಲದೆ ಬೆಳೆದು ತೆರೆದ ನೀರನ್ನು ಮುಚ್ಚಿತು. ಅಲ್ಲಿ ವರ್ಷಗಟ್ಟಲೆ ಅಧ್ಯಯನ ನಡೆಸಿದ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯೇ, ಮೇಯಿಸುವುದು ನಿಂತದ್ದರಿಂದ ನೀರುಹಕ್ಕಿಗಳಿಗೆ ನಷ್ಟವಾಯಿತೆಂದು ಕೊನೆಗೆ ಹೇಳಬೇಕಾಯಿತು. ಅಘನಾಶಿನಿಯಲ್ಲಿ ಬುಟ್ಟಿ ಹಿಡಿದು ಕೆಸರಿಗೆ ಇಳಿಯುವ ಹೆಂಗಸಿಗೆ ನಾಳೆ ಗುರುತಿನ ಚೀಟಿ ಕೇಳುವ ಕಾವಲುಗಾರ ಬಂದರೆ ನಾವೂ ಅದೇ ದಾರಿ ಹಿಡಿದಂತೆ. ಎಳೆಯ ಬಳಚು ಎತ್ತುವುದಕ್ಕೆ ತಡೆ ಬೇಕು, ನಿಜ. ಎಷ್ಟು ದೊಡ್ಡದಾದರೆ ಎತ್ತಬಹುದು, ಯಾವ ತಿಂಗಳು ಬಿಡುವು ಕೊಡಬೇಕು ಎನ್ನುವುದನ್ನು ಎತ್ತುವವರೇ ಕುಳಿತು ಗೊತ್ತು ಮಾಡಲಿ. ಇಲಾಖೆ ಅದಕ್ಕೆ ಮುದ್ರೆ ಒತ್ತಲಿ. ತಾವೇ ಮಾಡಿದ ಕಟ್ಟುಪಾಡನ್ನು ಜನ ಮುರಿಯುವುದು ಕಡಿಮೆ.

ನದಿಯ ವಿಷಯಕ್ಕೆ ಬಂದರೆ, ಶಿರಸಿಯ ಕಡೆ ಹುಟ್ಟಿ ಇಲ್ಲಿಯವರೆಗೆ ದೊಡ್ಡ ಅಣೆಕಟ್ಟೆಯಿಲ್ಲದೆ ಹರಿದುಬರುವ ನದಿಗಳು ಪಶ್ಚಿಮ ಘಟ್ಟದಲ್ಲಿ ಹೆಚ್ಚು ಉಳಿದಿಲ್ಲ. ಮಳೆಗಾಲದ ಸಿಹಿನೀರು ಉಪ್ಪನ್ನು ಹಿಂದೆ ತಳ್ಳದಿದ್ದರೆ ಕಗ್ಗವಿಲ್ಲ, ಹೂಳು ಬರದಿದ್ದರೆ ಕೆಸರಿಲ್ಲ. ಇದೇ ನೀರನ್ನು ಬಯಲುಸೀಮೆಯ ವೇದಾವತಿ ನದಿಯ ಕಡೆಗೆ ತಿರುಗಿಸುವ ಮಾತು ಮೇಲಿನಿಂದ ಕೇಳಿಬರುತ್ತಿದೆ. 'ಸಮುದ್ರಕ್ಕೆ ಹರಿದು ವ್ಯರ್ಥವಾಗುವ ನೀರು' ಎಂಬ ಮಾತನ್ನು ಕಡತದಲ್ಲಿ ಬರೆಯುವವರು ಒಮ್ಮೆ ಒಡಿಶಾದ ಚಿಲಿಕಾ ಸರೋವರದ ಇತಿಹಾಸ ಓದಬೇಕು. ಅಲ್ಲಿ ಕಡಲಿನ ಬಾಯಿ ಹೂಳಿನಿಂದ ಮುಚ್ಚುತ್ತಾ ಬಂದು, ಉಪ್ಪು-ಸಿಹಿಯ ಹದ ಕೆಟ್ಟು, ಮೀನು ಕುಸಿದು, 1993ರಲ್ಲಿ ಸರೋವರ ಅಪಾಯದಲ್ಲಿರುವ ರಾಮ್ಸಾರ್ ತಾಣಗಳ ದಾಖಲೆಗೆ ಸೇರಿತು. 2000ದಲ್ಲಿ ಹೊಸ ಬಾಯಿ ತೋಡಿ ಕಡಲಿನ ನೀರಿಗೆ ದಾರಿ ಮಾಡಿದ ಮೇಲೆ ಮೀನು ಮರಳಿತು. 2002ರಲ್ಲಿ ಆ ಕಳಂಕ ಅಳಿಯಿತು. ಉಪ್ಪು-ಸಿಹಿಯ ಹದ ಕಡಲಿನ ಕಡೆಯಿಂದ ತಪ್ಪಿದರೆ ತೋಡಿ ಸರಿಪಡಿಸಬಹುದು. ಘಟ್ಟದ ಕಡೆಯಿಂದ ತಪ್ಪಿಸಿದರೆ ಏನು ತೋಡುವುದು? ರಾಮ್ಸಾರ್ ತಾಣದ ಹೊಣೆ ಹೊತ್ತ ಪ್ರಾಧಿಕಾರವಾಗಿ, ಮೇಲ್ದಂಡೆಯ ಯಾವುದೇ ಯೋಜನೆಯ ಪರಿಶೀಲನೆಯಲ್ಲಿ ಅಳಿವೆಯ ಪರವಾಗಿ ನೀವು ಲಿಖಿತ ಅಭಿಪ್ರಾಯ ಸಲ್ಲಿಸಬೇಕೆಂದು ಕೇಳುತ್ತೇನೆ. ಅಳಿವೆಯ ದಂಡೆಯ ತದಡಿಯಲ್ಲಿ 4,000 ಮೆಗಾವಾಟಿನ ಉಷ್ಣ ವಿದ್ಯುತ್ ಸ್ಥಾವರದ ಮಾತು ಬಂದು ಹೋಯಿತು, ಬಂದರಿನ ಮಾತು ಬಂದು ಹೋಗಿ ಮತ್ತೆ ಬಂತು. ಪ್ರತಿ ಸಲವೂ ಮಾತಾಡಿದ್ದು ದಂಡೆಯ ಜನ. ಈಗ ನಮ್ಮ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕೂರಲು ನಿಮಗೊಂದು ಕಾನೂನಿನ ಹೆಸರಿದೆ.

ಪ್ರವಾಸೋದ್ಯಮದ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಗೋಕರ್ಣ ಪಕ್ಕದಲ್ಲಿರುವಾಗ ಜನ ಬಂದೇ ಬರುತ್ತಾರೆ. ಹೊನ್ನಾವರದಲ್ಲಿ ಶರಾವತಿಯ ಕಾಂಡ್ಲಾ ಕಾಡಿನೊಳಗೆ ಹಲಗೆಯ ನಡಿಗೆದಾರಿ ಮಾಡಿದ ಮೇಲೆ ನಮ್ಮಲ್ಲೂ ಒಂದು ಬೇಕು ಎನ್ನುವವರಿದ್ದಾರೆ; ಕಾಂಡ್ಲಾದ ಒಳಗೆ ಮಾಡಿದರೆ ನನ್ನ ಆಕ್ಷೇಪವಿಲ್ಲ. ಭರತದ ಹೊತ್ತಿನಲ್ಲಿ ಹಕ್ಕಿಗಳು ನಿಂತಿರುವ ಮರಳುದಿಬ್ಬಕ್ಕೆ ಮಾತ್ರ ಮೋಟಾರು ದೋಣಿ ಹೋಗಬಾರದು, ಡ್ರೋನ್ ಹಾರಬಾರದು. ಒಮ್ಮೆ ಹಿಂಡನ್ನು ಎಬ್ಬಿಸಿದರೆ ಮೊಬೈಲಿನಲ್ಲಿ ಚೆಂದದ ವಿಡಿಯೊ ಬರುತ್ತದೆ, ಹಕ್ಕಿಗೆ ಒಂದು ಇಳಿತದಲ್ಲಿ ತಿಂದದ್ದರಲ್ಲಿ ಒಂದು ಪಾಲು ಕರಗುತ್ತದೆ. ದಿಬ್ಬದ ಸುತ್ತ ತೇಲುಗುರುತು ಹಾಕಿ, ಅಕ್ಟೋಬರ್‌ನಿಂದ ಏಪ್ರಿಲ್‌ವರೆಗೆ ಕಾಯಲು ಅಂಬಿಗರ ಹುಡುಗರನ್ನೇ ನೇಮಿಸಿ.

ಗಣತಿಯ ಬಗ್ಗೆ ಒಂದು ಮಾತು. ಜನವರಿಯ ಏಷ್ಯಾ ಜಲಪಕ್ಷಿ ಗಣತಿಗೆ ಉತ್ಸಾಹದಿಂದ ಜನ ಬರುತ್ತಾರೆ, ಬೆಳಿಗ್ಗೆ ಏಳಕ್ಕೆ ಶುರು ಮಾಡಿ ತಿಂಡಿಯ ಹೊತ್ತಿಗೆ ಮುಗಿಸುತ್ತಾರೆ. ಅಳಿವೆಯ ಗಡಿಯಾರ ಬೇರೆ. ಇಳಿತದಲ್ಲಿ ಎಣಿಸಿದರೆ ಹಕ್ಕಿಗಳು ಸಾವಿರಾರು ಎಕರೆಯಲ್ಲಿ ಚದುರಿರುತ್ತವೆ. ಭರತದಲ್ಲಿ ತಂಗುದಾಣಕ್ಕೆ ಹೋಗಿ ಎಣಿಸಿದರೆ ಒತ್ತೊತ್ತಾಗಿ ಒಂದೇ ಕಡೆ ಸಿಗುತ್ತವೆ. ಎರಡೂ ಬೇಕು, ಪ್ರತಿ ವರ್ಷ ಒಂದೇ ಜಾಗಗಳಲ್ಲಿ ಬೇಕು. ಇಲ್ಲವಾದರೆ ಹತ್ತು ವರ್ಷದ ನಂತರ ಹಕ್ಕಿ ಹೆಚ್ಚಾಯಿತೋ ಕಡಿಮೆಯಾಯಿತೋ ಎಂಬ ಪ್ರಶ್ನೆಗೆ ನಮ್ಮಲ್ಲಿ ಫೋಟೊಗಳು ಮಾತ್ರ ಇರುತ್ತವೆ.

2024ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟು 2.25 ಹೆಕ್ಟೇರ್‌ಗಿಂತ ದೊಡ್ಡದಾದ ಎಲ್ಲ ಜೌಗುಭೂಮಿಗಳ ಗಡಿಯನ್ನು ಸ್ಥಳಕ್ಕೇ ಹೋಗಿ ಗುರುತಿಸಬೇಕೆಂದು ರಾಜ್ಯಗಳಿಗೆ ಹೇಳಿದೆ. ಸ್ಥಳಕ್ಕೆ ಬರುವಾಗ ಬಳಚು ಎತ್ತುವವರಲ್ಲಿ ಇಬ್ಬರನ್ನು, ಗಜನಿ ರೈತರಲ್ಲಿ ಇಬ್ಬರನ್ನು ಕರೆದುಕೊಂಡು ನಡೆಯಿರಿ. ಯಾವ ದಿಬ್ಬ ಕಳೆದ ಮಳೆಗಾಲದಲ್ಲಿ ಎಲ್ಲಿಂದ ಎಲ್ಲಿಗೆ ಸರಿಯಿತು ಎನ್ನುವುದು ಉಪಗ್ರಹಕ್ಕಿಂತ ಮೊದಲು ಅವರಿಗೆ ತಿಳಿಯುತ್ತದೆ. ಕರಡು ಯೋಜನೆಯನ್ನು ಕನ್ನಡದಲ್ಲಿ, ನಕ್ಷೆಯ ಸಮೇತ, ಅಳಿವೆಯ ಸುತ್ತಲಿನ ಎಲ್ಲ ಗ್ರಾಮ ಪಂಚಾಯಿತಿಗಳಲ್ಲಿ ಒಂದು ತಿಂಗಳಾದರೂ ತೂಗುಹಾಕಿ, ಆಮೇಲೆ ಸಭೆ ಕರೆಯಿರಿ. ಸಭೆಯ ಹೊತ್ತನ್ನು ಗೊತ್ತು ಮಾಡುವ ಮುನ್ನ ಆ ದಿನದ ಉಬ್ಬರವಿಳಿತದ ಪಟ್ಟಿ ನೋಡಿ ಭರತದ ವೇಳೆಯನ್ನೇ ಆರಿಸಿ. ಇಳಿತದ ಹೊತ್ತಿಗೆ ಕರೆದರೆ ಮಾತನಾಡಬೇಕಾದವರೆಲ್ಲ ಕೆಸರಿನಲ್ಲಿ ಕೆಲಸದಲ್ಲಿರುತ್ತಾರೆ, ಸಭೆಗೆ ನನ್ನಂಥವರು ಮಾತ್ರ ಬರುತ್ತೇವೆ.

ಇಂತಿ,
ಅಘನಾಶಿನಿಯ ದಂಡೆಯ ಒಬ್ಬ ನಿವಾಸಿ
ಕುಮಟಾ ತಾಲ್ಲೂಕು, ಉತ್ತರ ಕನ್ನಡ